ಫಿಲ್‌ಮೋರ್, ಅವಲಾನ್ ಕರಪತ್ರಗಳು: ಸಂಗ್ರಹ ಎಲ್ಲಿಗೆ ಬಂತು

ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ಆಡಿಟೋರಿಯಂ ಮತ್ತು ಅವಲಾನ್ ಬಾಲ್‌ರೂಂಗಳಲ್ಲಿ 1966ರಿಂದ 1968ರವರೆಗೆ ನಡೆದ ರಾಕ್ ಕಛೇರಿಗಳ ಕರಪತ್ರಗಳಿಗಷ್ಟೇ ನನ್ನ ಸಂಗ್ರಹವನ್ನು ಸೀಮಿತಗೊಳಿಸಿದ ಮೇಲೆ ಕೆಲಸಕ್ಕೊಂದು ಹದ ಬಂದಿದೆ. ಫಿಲ್‌ಮೋರ್‌ನಲ್ಲಿ ಕಛೇರಿ ಏರ್ಪಡಿಸುತ್ತಿದ್ದ ಬಿಲ್ ಗ್ರಹಾಂ ಅವರ ಮುದ್ರಣಗಳನ್ನು ‘ಬಿಜಿ’, ಅವಲಾನ್‌ನಲ್ಲಿ ಏರ್ಪಡಿಸುತ್ತಿದ್ದ ಚೆಟ್ ಹೆಲ್ಮ್ಸ್ ಅವರ ‘ಫ್ಯಾಮಿಲಿ ಡಾಗ್’ ತಂಡದವನ್ನು ‘ಎಫ್‌ಡಿ’ ಸಂಖ್ಯೆಗಳಿಂದ ಗುರುತಿಸುವ ರೂಢಿಯಿರುವುದರಿಂದ ಪಟ್ಟಿ ಮಾಡುವುದು ಸುಲಭ.

ಕಷ್ಟವಿರುವುದು ಅಸಲಿ ಪ್ರತಿಯನ್ನು ಗುರುತಿಸುವಲ್ಲಿ. 1966ರ ಸೆಪ್ಟೆಂಬರ್‌ನಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಕಛೇರಿಗಾಗಿ ಕಲಾವಿದರಾದ ಸ್ಟಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ ಮಾಡಿದ ‘ಎಫ್‌ಡಿ 26’, ಅಂದರೆ ಉಮರ್ ಖಯ್ಯಾಮನ ರುಬಾಯಿಗಳಿಗೆ ಎಡ್ಮಂಡ್ ಸಲಿವನ್ ಬರೆದ ಚಿತ್ರದಿಂದ ಎತ್ತಿಕೊಂಡ ಗುಲಾಬಿ ಮುಡಿದ ಅಸ್ಥಿಪಂಜರ, ಮತ್ತೆ ಮತ್ತೆ ಅಚ್ಚಾಗಿದೆ. ಹಾಗಾಗಿ ಎಂಥ ಕರಪತ್ರ ಬಂದರೂ ಮೊದಲು ಭೂತಗನ್ನಡಿಯಡಿ ಇಡುತ್ತೇನೆ. ಬಣ್ಣಕ್ಕೊಂದು ಪ್ಲೇಟ್ ಮಾಡಿ ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿದ ಹಾಳೆಯಲ್ಲಿ ಅಕ್ಷರದ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ್ದರಲ್ಲಿ ಅದೇ ಅಂಚು ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಅಸಲಿ ಪ್ರತಿಯಲ್ಲೂ ಛಾಯಾಚಿತ್ರವಿರುವ ಭಾಗದಲ್ಲಿ ಚುಕ್ಕಿಗಳಿರುವುದರಿಂದ ಅಕ್ಷರಗಳನ್ನೇ ನೋಡಬೇಕು. ನೇರಳಾತೀತ ದೀಪದಲ್ಲಿ ಕಾಗದ ಹೊಳೆದರೆ ನಕಲಿ ಎಂಬ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಕಾಗದಕ್ಕೆ ಈ ಹೊಳಪು ಕೊಡುವ ರಾಸಾಯನಿಕಗಳು ಅರವತ್ತರ ದಶಕದಲ್ಲೇ ಬಳಕೆಯಲ್ಲಿದ್ದವು.

ಈಚೆಗೆ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಫಿಲ್‌ಮೋರ್ ಹಾಳೆಗಳ ಕೆಳಗಿನ ಸಣ್ಣಕ್ಷರದ ಪಟ್ಟಿ. ಮೇಲೆ ಕಲಾವಿದ ವೆಸ್ ವಿಲ್ಸನ್ ಅವರ ಅಕ್ಷರಗಳು ಜ್ವಾಲೆಯಂತೆ ಉಬ್ಬಿ, ವಾದ್ಯವೃಂದದ ಹೆಸರನ್ನೇ ಓದಗೊಡದೆ ಸತಾಯಿಸುತ್ತಿರುವಾಗ, ಕೆಳಗೆ ಟಿಕೆಟ್ ಸಿಗುವ ಅಂಗಡಿಗಳ ಹೆಸರು ನೆಟ್ಟಗೆ ನಿಂತಿರುತ್ತವೆ: ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಲೈಟ್ಸ್ ಪುಸ್ತಕದಂಗಡಿ, ಸೈಕೆಡೆಲಿಕ್ ಶಾಪ್. ಅಂದಿನ ಕೇಳುಗರು ಎಲ್ಲೆಲ್ಲಿ ಓಡಾಡುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ಸಂಗ್ರಾಹಕರು ಚಿತ್ರಕ್ಕೆ ಬೆಲೆ ಕಟ್ಟಿ ಈ ಪಟ್ಟಿಯನ್ನು ಕಡೆಗಣಿಸುವುದು ನನಗಂತೂ ಸೋಜಿಗ.

ಪಿವಿಸಿ ಲಕೋಟೆಗಳು ಕಾಲಕ್ರಮದಲ್ಲಿ ಆಮ್ಲ ಬಿಡುವುದರಿಂದ ಎಲ್ಲವನ್ನೂ ಪಾಲಿಯೆಸ್ಟರ್ ಲಕೋಟೆಗಳಿಗೆ ವರ್ಗಾಯಿಸಿದ್ದಾಗಿದೆ. ಇನ್ನು ಪ್ರತಿ ಹಾಳೆಯಲ್ಲಿರುವ ಅಂಗಡಿಗಳ ಹೆಸರನ್ನು ದಿನಾಂಕದೊಡನೆ ಬರೆದಿಟ್ಟು, ಯಾವ ಅಂಗಡಿ ಯಾವಾಗ ಸೇರಿತು, ಯಾವಾಗ ಬಿಟ್ಟುಹೋಯಿತು ಎಂಬ ಕೋಷ್ಟಕ ಮಾಡುವ ಕೆಲಸವಿದೆ. 1966ರ ಹಾಳೆಗಳಿಂದ ಅದನ್ನು ಆರಂಭಿಸಿದ್ದೇನೆ.