ಫುಕುಓಕಾಗೆ ರಾಮೆನ್ ತಿನ್ನಲು ಹೋಗುವವರು ಮೊದಲು ಸಾರು ಯಾವುದರದ್ದು ಅಂತ ಕೇಳಿ

ಜಪಾನಿನ ಫುಕುಓಕಾ ನಗರ. ಅಂಗಡಿಯ ಹೊರಗೆ ಹಸಿರು ಬೋರ್ಡು, ಎಲೆಯ ಚಿತ್ರ, ಇಂಗ್ಲಿಷಿನಲ್ಲಿ ‘ವೆಜಿಟೇರಿಯನ್ ರಾಮೆನ್’ ಎಂಬ ಬರಹ. ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಹಾಕಿಕೊಡುವ ಗೋದಿಯ ಎಳೆ, ಅಂದರೆ ನೂಡಲ್ಸ್. ಬೆಲೆ 1,480 ಯೆನ್. ನಾವು ಹೋದ 2024ರ ನವೆಂಬರಿನಲ್ಲಿ ನೂರು ಯೆನ್‌ಗೆ ಸುಮಾರು 55 ರೂಪಾಯಿ, ಅಂದರೆ ಒಂದು ಬಟ್ಟಲಿಗೆ ಎಂಟುನೂರು ದಾಟಿತು. ಜೊತೆಗಿದ್ದ ಹುಬ್ಬಳ್ಳಿಯ ಗೆಳೆಯ ಮೊಟ್ಟೆಯನ್ನೂ ಮುಟ್ಟುವವನಲ್ಲ. ನಾನು ಕುಂದಾಪುರದ ಕಡೆಯವನು, ಮೀನು ಮಾಂಸ ಎರಡೂ ನಡೆಯುತ್ತದೆ. ಮೂರು ದಿನದಿಂದ ಬರೀ ಬ್ರೆಡ್ಡು, ಬಾಳೆಹಣ್ಣಿನಲ್ಲಿ ಕಾಲ ಹಾಕಿದ್ದವನಿಗೆ ಆ ಬೋರ್ಡು ಕಂಡು ಎಷ್ಟು ಖುಷಿಯಾಯಿತೆಂದರೆ ನನ್ನನ್ನು ಕೈಹಿಡಿದು ಒಳಗೆ ಎಳೆದುಕೊಂಡು ಹೋದ.

ಬಟ್ಟಲು ಬಂತು. ಮೇಲೆ ಎಲೆಕೋಸು, ಕ್ಯಾರೆಟ್ಟು, ಮೊಳಕೆ ಕಾಳು. ಎರಡು ಚಮಚ ಸಾರು ಕುಡಿದು ಚಮಚ ಕೆಳಗಿಟ್ಟ. ‘ಲೇ, ಇದರ ವಾಸನಿ ಬ್ಯಾರೆ ಐತಿ. ಒಮ್ಮೆ ಕೇಳಿ ನೋಡು’ ಅಂದ. ಕೇಳಿದೆ. ಬಡಿಸುವ ಹುಡುಗ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದ: ಮಾಂಸ ಹಾಕಿಲ್ಲ, ಸಾರು ಮಾತ್ರ ಹಂದಿಯ ಎಲುಬಿನದು. ಗೆಳೆಯ ಏನೂ ಮಾತಾಡಲಿಲ್ಲ. ಎದ್ದು ಹೊರಗೆ ಹೋಗಿ ಬಾಯಿ ತೊಳೆದುಕೊಂಡ. ಸಂಜೆಯವರೆಗೂ ಅವನ ಬಾಯಿಂದ ಮಾತು ಹೊರಡಲಿಲ್ಲ. ಈ ಬರಹ ಬರೆಯಲು ಕಾರಣವೇ ಅದು.

ಜಪಾನಿನಲ್ಲಿ ‘ಮಾಂಸ ಇಲ್ಲ’ ಎಂದರೆ ತುಂಡು ಇಲ್ಲ ಎಂದಷ್ಟೇ ಅರ್ಥ. ಸಾರು ಆ ಲೆಕ್ಕಕ್ಕೆ ಬರುವುದಿಲ್ಲ. ಫುಕುಓಕಾದ ಹಕಾತಾ ರಾಮೆನ್ ಅಂದರೆ ತೊಂಕೋತ್ಸು. ಹಂದಿ ಎಲುಬನ್ನು ಜೋರು ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ, ಮಜ್ಜೆ ಕೊಬ್ಬು ಎಲ್ಲ ಕರಗಿ ಹಾಲಿನ ಹಾಗೆ ಬೆಳ್ಳಗಾಗುವ ಸಾರು ಅದು. ನಮ್ಮಲ್ಲಿ ಕಾಲುಸೂಪು ಕುದಿಸಿದ ಮನೆಯ ವಾಸನೆ ಗೊತ್ತಿದ್ದವರಿಗೆ ಆ ಬೀದಿಗಳಲ್ಲಿ ದೂರದಿಂದಲೇ ಅಂದಾಜಾಗುತ್ತದೆ. ಬೇರೆ ಊರಿನ ರಾಮೆನ್‌ಗಳಲ್ಲಿ ಶಿಯೊ, ಶೋಯು, ಮಿಸೊ ಎಂಬ ಹೆಸರುಗಳನ್ನು ನೋಡಿ ಮೋಸ ಹೋಗಬೇಡಿ. ಉಪ್ಪು, ಸೋಯಾ ಸಾಸ್, ಸೋಯಾ ಹುದುಗು: ಇವೆಲ್ಲ ರುಚಿಯ ಹೆಸರು. ಅಡಿಯ ಸಾರು ಸಾಮಾನ್ಯವಾಗಿ ಕೋಳಿಯದೋ, ಹಂದಿಯದೋ, ಒಣಮೀನಿನದೋ ಆಗಿರುತ್ತದೆ. ‘ಮಿಸೊ ಅಂದರೆ ಸೋಯಾ ತಾನೇ, ತಿನ್ನಬಹುದು’ ಎಂದು ಹೇಳುವವರು ತುಂಬ ಜನ ಸಿಗುತ್ತಾರೆ, ನಂಬಬೇಡಿ. ಉದೊನ್, ಸೊಬಾ ಎಂಬ ಬೇರೆ ಬಗೆಯ ನೂಡಲ್ಸ್ ಅಂಗಡಿಗಳಲ್ಲೂ ಇದೇ ಕಥೆ, ಅಲ್ಲಿ ಒಣಮೀನಿನ ದಾಶಿ, ಅಂದರೆ ತಿಳಿಸಾರು.

ಹಾಗಾಗಿ ಕೇಳಬೇಕಾದ್ದು ಹೀಗೆ: ‘ನಿಕು ಮೊ, ಸಕನಾ ಮೊ, ದಾಶಿ ಮೊ ತಾಬೆರಾರೆಮಾಸೆನ್.’ ಮಾಂಸ, ಮೀನು, ದಾಶಿ ಯಾವುದನ್ನೂ ತಿನ್ನಲಾಗದು ಎಂದು. ಇದನ್ನು ಜಪಾನಿ ಲಿಪಿಯಲ್ಲಿ ಒಂದು ಕಾಗದದ ಮೇಲೆ ಬರೆಸಿಟ್ಟುಕೊಳ್ಳಿ, ಹಂದಿ ಎಲುಬು ಮತ್ತು ಕೋಳಿ ಎಲುಬು ಎಂದು ಬಿಡಿಸಿಯೇ ಬರೆಸಿ. ನಾವು ಈ ಕೆಲಸವನ್ನು ಆ ಬಟ್ಟಲು ಎದುರಿಗೆ ಬಂದ ಮೇಲೆ, ಹೋಟೆಲಿನ ಕೌಂಟರಿನವರ ಕೈಯಲ್ಲಿ ಮಾಡಿಸಿದೆವು. ಬೆಂಗಳೂರಿನಲ್ಲೇ ಮಾಡಬೇಕಿತ್ತು.

ಫುಕುಓಕಾಗೆ ಬಂದಿಳಿಯುವುದರ ಬಗ್ಗೆ ಎರಡು ಮಾತು. ನಾವು ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಫುಕುಓಕಾದಲ್ಲಿ ಇಳಿದೆವು. ವಿಮಾನ ನಿಲ್ದಾಣದಿಂದ ಹಕಾತಾ ಸ್ಟೇಷನ್ನಿಗೆ ಮೆಟ್ರೊದಲ್ಲಿ ಎರಡೇ ನಿಲ್ದಾಣ, 260 ಯೆನ್ ಎಂದು ಎಲ್ಲರೂ ಬರೆಯುತ್ತಾರೆ. ಮೆಟ್ರೊ ಇರುವುದು ದೇಶೀಯ ಟರ್ಮಿನಲ್‌ನಲ್ಲಿ ಎಂಬುದು ತಲೆಯಲ್ಲಿ ಇರುವುದಿಲ್ಲ. ಅಂತರರಾಷ್ಟ್ರೀಯ ಟರ್ಮಿನಲ್‌ನಿಂದ ಅಲ್ಲಿಗೆ ಉಚಿತ ಬಸ್ಸಿದೆ. ನಮ್ಮ ಜೊತೆಗೆ ಇನ್ನೆರಡು ವಿಮಾನದವರು ಇಳಿದಿದ್ದರು. ಮೊದಲ ಬಸ್ಸಿಗೆ ಹತ್ತಲಾಗಲಿಲ್ಲ, ಎರಡನೆಯದರಲ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಂದೇ ಕಾಲಲ್ಲಿ ನಿಂತೆವು. ಕಾಲ ಮೇಲೆ ಇನ್ಯಾರದೋ ಪೆಟ್ಟಿಗೆಯ ಚಕ್ರ. ಅಂತರರಾಷ್ಟ್ರೀಯ ಟರ್ಮಿನಲ್ಲಿನ ಹೊರಗಿನಿಂದಲೇ ಹಕಾತಾ ಸ್ಟೇಷನ್ನಿಗೆ ನೇರ ಬಸ್ಸೂ ಇದೆ. ಹೆಚ್ಚು ಸಾಮಾನಿದ್ದರೆ ಅದನ್ನೇ ಹಿಡಿಯಿರಿ.

ಕೋಣೆಯ ವಿಷಯದಲ್ಲಿ ಇನ್ನೂ ದೊಡ್ಡ ಪೆಟ್ಟು. ನವೆಂಬರಿನಲ್ಲಿ ಹದಿನೈದು ದಿನ ಫುಕುಓಕಾದಲ್ಲಿ ಸುಮೊ ಪಂದ್ಯಾವಳಿ ನಡೆಯುತ್ತದೆ, ಪ್ರತಿ ವರ್ಷ. ವಾರಾಂತ್ಯಕ್ಕೆ ಸಂಗೀತ ಕಾರ್ಯಕ್ರಮವೂ ಸೇರಿಕೊಂಡರೆ ಊರಲ್ಲಿ ಕೋಣೆಯೇ ಸಿಗುವುದಿಲ್ಲ. ಸೋಮವಾರ 7,200 ಯೆನ್ ಇದ್ದ ಕೋಣೆಗೆ ಶನಿವಾರ 19,500 ಕೊಟ್ಟೆವು. ಎರಡು ಮಂಚದ ನಡುವೆ ಪೆಟ್ಟಿಗೆ ಬಿಚ್ಚಿದರೆ ಬಾಗಿಲು ತೆರೆಯಲು ಜಾಗವಿಲ್ಲ. ಶುಕ್ರವಾರ, ಶನಿವಾರದ ರಾತ್ರಿ ಆ ಊರಿನಲ್ಲಿ ಇರದ ಹಾಗೆ ಪ್ರವಾಸ ಹೊಂದಿಸಿಕೊಳ್ಳಿ.

ಈಗ ರಾಮೆನ್ ಅಂಗಡಿಯ ಬಾಗಿಲಿಗೆ ಬರೋಣ. ಬೆಂಗಳೂರಿನ ದರ್ಶಿನಿಯಲ್ಲಿ ಟೋಕನ್ ತೆಗೆದುಕೊಂಡು ತಿಂದವರಿಗೆ ಇಲ್ಲಿನ ಕ್ರಮ ಹೊಸದಲ್ಲ. ಬಾಗಿಲ ಪಕ್ಕ ಒಂದು ಯಂತ್ರ. ದುಡ್ಡು ಹಾಕಿ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದನ್ನು ಕಟ್ಟೆಯ ಮೇಲಿಟ್ಟರೆ ಆಯಿತು. ಏನೂ ಓದಲು ಬಾರದಿದ್ದರೆ ಎಡ ಮೂಲೆಯ ಮೇಲಿನ ಗುಂಡಿ ಒತ್ತಿ, ಸಾಮಾನ್ಯವಾಗಿ ಅಂಗಡಿಯ ಮುಖ್ಯ ರಾಮೆನ್ ಅದೇ. ತೊಡಕಿರುವುದು ದುಡ್ಡಿನಲ್ಲಿ. 2024ರ ಜುಲೈನಲ್ಲಿ ಜಪಾನ್ ಹೊಸ ನೋಟು ತಂದಿತು. ಸಾವಿರದ ನೋಟಿನಲ್ಲಿ ಈಗ ಕಿತಾಸಾತೊ ಅವರ ಚಿತ್ರ, ಹಳೆಯದರಲ್ಲಿ ನೊಗುಚಿ ಅವರದು. ಎಟಿಎಮ್ ನಮಗೆ ಕೊಟ್ಟದ್ದೆಲ್ಲ ಹೊಸ ನೋಟು, ಅಂಗಡಿಯ ಯಂತ್ರ ಒಪ್ಪುವುದು ಹಳೆಯದನ್ನು ಮಾತ್ರ. ಹಿಂದೆ ಎಂಟು ಜನ ನಿಂತಿದ್ದಾರೆ, ನಾನು ನೋಟು ತುರುಕುತ್ತೇನೆ, ಯಂತ್ರ ಹೊರಗೆ ಉಗುಳುತ್ತದೆ. 2021ರಲ್ಲಿ ಬಂದ ಎರಡು ಬಣ್ಣದ 500ರ ನಾಣ್ಯವನ್ನೂ ಕೆಲವು ಯಂತ್ರ ತೆಗೆದುಕೊಳ್ಳುವುದಿಲ್ಲ. ಸಣ್ಣ ಅಂಗಡಿಯವರಿಗೆ ಯಂತ್ರ ಬದಲಿಸುವುದು ದೊಡ್ಡ ಖರ್ಚು, ಅವರನ್ನು ಬೈಯಲಾಗದು. ಕೈಗೆ ಬಂದ ಹಳೆ ಸಾವಿರದ ನೋಟುಗಳನ್ನೂ 100ರ ನಾಣ್ಯಗಳನ್ನೂ ಬೇರೆಲ್ಲೂ ಖರ್ಚು ಮಾಡದೆ ರಾಮೆನ್‌ಗೇ ಎತ್ತಿಡಿ. ಹತ್ತು ಸಾವಿರದ ನೋಟು ಹಿಡಿದುಕೊಂಡಂತೂ ಹೋಗಲೇಬೇಡಿ.

ನಾನು ಮನಸಾರೆ ಹೊಗಳಬೇಕಾದ ಅಂಗಡಿ ಒಂದಿದೆ. ನಾಗಾಹಾಮಾದ ಮೀನುಪೇಟೆಯಿಂದ ಸ್ವಲ್ಪ ಒಳಗೆ, ಗಲ್ಲಿಯಲ್ಲಿ, ಒಂಬತ್ತು ಕುರ್ಚಿ. ನಡೆಸುವವರು ವಯಸ್ಸಾದ ಗಂಡ ಹೆಂಡತಿ. ಇಂಗ್ಲಿಷ್ ಫಲಕವಿಲ್ಲ. ತಿನ್ನುತ್ತಿದ್ದವರು ರಬ್ಬರ್ ಬೂಟಿನ ಪೇಟೆಯ ಕೆಲಸಗಾರರು. ರಾಮೆನ್ 600 ಯೆನ್. ಈ ಊರಿನ ಎಳೆ ಯಾಕಿಷ್ಟು ಸಣ್ಣ ಎಂಬುದಕ್ಕೂ ಇಂಥ ಪೇಟೆಯೇ ಕಾರಣ ಅನ್ನುತ್ತಾರೆ: ಕೆಲಸದ ನಡುವೆ ಓಡಿ ಬಂದವರಿಗೆ ಬೇಗ ಬೇಯಬೇಕು. ನಮ್ಮ ಒತ್ತು ಶಾವಿಗೆಗಿಂತ ತುಸು ದಪ್ಪ, ನೆಟ್ಟಗಿರುತ್ತದೆ. ಹಿಟ್ಟಿಗೆ ಹಾಕುವ ಕಾನ್‌ಸುಯಿ ನಾವು ಹಪ್ಪಳಕ್ಕೆ ಹಾಕುವ ಪಾಪಡಖಾರದ ಜಾತಿಯ ಕ್ಷಾರ, ಆ ಬಿಗುವು ಅದರಿಂದಲೇ ಬರುವುದು. ಸಣ್ಣ ಎಳೆ ಬಿಸಿ ಸಾರಿನಲ್ಲಿ ಬೇಗ ಮೆತ್ತಗಾಗುತ್ತದೆ. ಅದಕ್ಕೇ ಮೊದಲು ಸ್ವಲ್ಪವೇ ಹಾಕಿಕೊಡುತ್ತಾರೆ, ತಿಂದು ಮುಗಿಸಿ ‘ಕಾಯೆದಾಮಾ’ ಎಂದರೆ ಇನ್ನೊಂದು ಹಿಡಿ ಬಟ್ಟಲಿಗೆ ಬೀಳುತ್ತದೆ. ಅಲ್ಲಿ ಅದಕ್ಕೆ 100 ಯೆನ್. ಸಾರು ಮತ್ತೆ ಹಾಕುವುದಿಲ್ಲ, ಮೊದಲೇ ಕುಡಿದು ಖಾಲಿ ಮಾಡಬೇಡಿ.

ಎಳೆ ಎಷ್ಟು ಬೇಯಬೇಕೆಂದು ಕೇಳುತ್ತಾರೆ. ಯವಾ ಮೆತ್ತಗೆ, ಫುತ್ಸು ಸಾಧಾರಣ, ಕಾತಾ ಗಟ್ಟಿ, ಬಾರಿಕಾತಾ ಇನ್ನೂ ಗಟ್ಟಿ, ಹರಿಗಾನೆ ಅಂದರೆ ತಂತಿ. ಮೊದಲ ಸಲಕ್ಕೆ ಕಾತಾ ಹೇಳಿ. ಯಜಮಾನರು ಜರಡಿಯನ್ನು ಮೂರು ಸಲ ಪಟ್ ಪಟ್ ಎಂದು ಕೊಡವಿ ನೀರು ಬಸಿದು ಬಟ್ಟಲಿಗೆ ಮಡಚಿ ಹಾಕುವುದನ್ನು ನೋಡುತ್ತಾ ಕೂರುವುದೇ ಒಂದು ಸುಖ. ಮೊದಲು ಬರೀ ಸಾರು ಎರಡು ಚಮಚ. ಆಮೇಲೆ ಎಳ್ಳು ಅರೆದು ಹಾಕಿಕೊಳ್ಳಿ. ಅರ್ಧ ಮುಗಿದ ಮೇಲೆ ಕೆಂಪು ಶುಂಠಿ ಉಪ್ಪಿನಕಾಯಿ. ಖಾರದ ತಾಕಾನಾ ಸೊಪ್ಪನ್ನು ಕಾಯೆದಾಮಾ ಬಂದ ಮೇಲೆ ಹಾಕಿಕೊಳ್ಳಿ, ಮೊದಲೇ ಹಾಕಿದರೆ ಸಾರಿನ ರುಚಿ ಮುಚ್ಚಿಹೋಗುತ್ತದೆ. ಪಾಯಸ ಸುರಿಯುವ ಹಾಗೆ ಸದ್ದು ಮಾಡಿಯೇ ಎಳೆದುಕೊಳ್ಳಬೇಕು, ಯಾರೂ ತಿರುಗಿ ನೋಡುವುದಿಲ್ಲ. ತಿಂದ ಮೇಲೆ ಬಟ್ಟಲನ್ನು ಎದುರಿನ ಕಟ್ಟೆಗೆ ಎತ್ತಿಟ್ಟು, ಬಟ್ಟೆಯಲ್ಲಿ ಜಾಗ ಒರಸಿ, ‘ಗೊಚಿಸೋಸಾಮಾ’ (ಊಟಕ್ಕೆ ಧನ್ಯವಾದ) ಎಂದು ಎದ್ದುಬಿಡಿ. ಮಾತಾಡುತ್ತಾ ಕೂರುವ ಜಾಗವಲ್ಲ, ಹೊರಗೆ ಹಸಿದವರು ನಿಂತಿರುತ್ತಾರೆ.

ಆ ಅಂಗಡಿಗೆ ಎರಡನೇ ಸಲ ಹೋಗುವಾಗ ಗೆಳೆಯನನ್ನೂ ಕರೆದುಕೊಂಡು ಹೋದೆ. ಕಾಗದವನ್ನು ಆ ಅಜ್ಜಿಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕುದಿಯುವ ಹಂಡೆ ತೋರಿಸಿ, ಎರಡೂ ಕೈ ಎದೆಯ ಮುಂದೆ ಅಡ್ಡ ಹಿಡಿದು ತಲೆಯಾಡಿಸಿದರು: ಇಲ್ಲಿ ನಿನಗೆ ಆಗುವಂಥದ್ದು ಇಲ್ಲ. ಮತ್ತೆ ಏನೋ ನೆನಪಾದವರ ಹಾಗೆ ಒಳಗೆ ಹೋಗಿ ಬಿಸಿ ಅನ್ನ, ಉಮೆಬೊಶಿ ಎಂಬ ಹುಳಿ ಹಣ್ಣಿನ ಉಪ್ಪಿನಕಾಯಿ, ಉಪ್ಪು ಹಾಕದ ನೊರಿ, ಅಂದರೆ ಕಡಲಪಾಚಿಯ ಹಾಳೆ ತಂದಿಟ್ಟರು. ತಾಕಾನಾ ಡಬ್ಬಿಯನ್ನು ಅವನ ಕೈಗೆ ಸಿಗದ ಹಾಗೆ ಆಚೆ ಸರಿಸಿದರು, ಅದಕ್ಕೆ ಹಾಕಿದ ಮಸಾಲೆ ಅವನಿಗೆ ಆಗುವಂಥದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಅನ್ನಕ್ಕೆ ತೆಗೆದುಕೊಂಡದ್ದು 150 ಯೆನ್. ‘ನಮ್ಮವ್ವ ಬಡಿಸಿದಂಗಾತು’ ಅಂದ ಅವನು. ಮರುದಿನವೂ ತಾನೇ ಮುಂದಾಗಿ ಅಲ್ಲಿಗೇ ನಡೆದ.

ಮಧ್ಯಾಹ್ನ ಹನ್ನೆರಡೂವರೆಗೆ ಇಂಥ ಅಂಗಡಿಗೆ ಹೋಗಬೇಡಿ. ಹನ್ನೊಂದಕ್ಕೆ ಹೋಗಿ, ಇಲ್ಲ ಎರಡಕ್ಕೆ. ಮೂರರಿಂದ ಐದರವರೆಗೆ ಬಾಗಿಲು ಹಾಕುವವರೂ ಇದ್ದಾರೆ. ಸಾಲಿನಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ನನ್ನಿಂದಾಗದು. ಒಂದೂವರೆ ಗಂಟೆ ನಿಂತು ತಿಂದ ಹೆಸರಾಂತ ಬಟ್ಟಲಿಗಿಂತ ಈ ಒಂಬತ್ತು ಕುರ್ಚಿಯದೇ ನನಗೆ ಹೆಚ್ಚು. ದೊಡ್ಡ ಪೆಟ್ಟಿಗೆಗಳನ್ನು ಸ್ಟೇಷನ್ನಿನ ಲಾಕರಿನಲ್ಲಿಟ್ಟು ಹೋಗಿ, ಒಳಗೆ ಮೊಣಕೈ ಚಾಚಲೂ ಜಾಗವಿಲ್ಲ.

ನಾಕಾಸುವಿನ ನದಿ ದಂಡೆಯ ಯಾತಾಯಿಗಳು, ಅಂದರೆ ರಾತ್ರಿ ತಳ್ಳುಗಾಡಿ ಹೋಟೆಲುಗಳು, ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ನಗರಸಭೆ 2013ರಲ್ಲಿ ಅವಕ್ಕೆಂದೇ ಕಾನೂನು ಮಾಡಿ ಉಳಿಸಿಕೊಂಡಿದೆ, ಅದು ಒಳ್ಳೆಯದೇ. ಆದರೆ ಶನಿವಾರ ರಾತ್ರಿಯ ಆ ನೂಕುನುಗ್ಗಲು ನನಗೆ ಹಿಡಿಸಲಿಲ್ಲ. ಹೋಗುವುದಾದರೆ ವಾರದ ನಡುವೆ, ಕತ್ತಲಾಗುತ್ತಿದ್ದ ಹಾಗೆ ಹೋಗಿ. ಬೆಲೆಪಟ್ಟಿ ಕಣ್ಣಿಗೆ ಬೀಳುವ ಗಾಡಿಯಲ್ಲೇ ಕೂತುಕೊಳ್ಳಿ. ಕೂತವರೆಲ್ಲ ಏನಾದರೂ ಆರ್ಡರ್ ಮಾಡಲೇಬೇಕು. ಶೌಚಾಲಯ ಅಲ್ಲಿರುವುದಿಲ್ಲ, ಮುಗಿಸಿಕೊಂಡೇ ಹೋಗಿ.

ನಡುವಿನ ನಾಲ್ಕು ದಿನ ಕ್ಯೋಟೊ, ನಾರಾ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ.

ವಾಪಸಿಗೆ ಟೋಕಿಯೊ ಹತ್ತಿರದ ನರಿತಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ವಿಮಾನ. ಹಾಗಾಗಿ ಕೊನೆಯ ದಿನ ಟೋಕಿಯೊ ಸ್ಟೇಷನ್ನಿನಲ್ಲಿದ್ದೆವು. ಸಸ್ಯಾಹಾರಿಗಳು ಗುರುತು ಹಾಕಿಟ್ಟುಕೊಳ್ಳಬೇಕಾದ ಜಾಗ ಇದು: ಟೀಸ್ ತಾನ್‌ತಾನ್. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ರಾಮೆನ್ ಅಂಗಡಿ. ಇರುವುದು ಜೆಆರ್ ಟಿಕೆಟ್ ಗೇಟಿನ ಒಳಗೆ, ಕೆಯೊ ಲೈನಿಗೆ ನಡೆದು ಹೋಗುವ ದಾರಿಯ ಕೆಯೊ ಸ್ಟ್ರೀಟಿನಲ್ಲಿ. ಗೇಟಿನಿಂದ ಹೊರಗೆ ಬಂದುಬಿಟ್ಟರೆ ಮತ್ತೆ ಒಳಗೆ ಹೋಗಲು 2024ರಲ್ಲಿ 150 ಯೆನ್ ಇದ್ದ ಪ್ಲಾಟ್‌ಫಾರ್ಮ್ ಟಿಕೆಟ್ ಬೇಕು, ಅದಕ್ಕೂ ಎರಡೇ ಗಂಟೆಯ ಅವಧಿ. ರೈಲು ಬದಲಿಸುವ ನಡುವೆ ತಿಂದರೆ ಆ ಖರ್ಚೂ ಇಲ್ಲ. ನರಿತಾ ಎಕ್ಸ್‌ಪ್ರೆಸ್ ಅದೇ ಸ್ಟೇಷನ್ನಿನ ನೆಲದಡಿಯಿಂದ ಹೊರಡುತ್ತದೆ. ಆದರೆ ಅಲ್ಲಿಗೆ ನಡೆಯುವ ದೂರ ಸಣ್ಣದಲ್ಲ, ಹದಿನೈದು ನಿಮಿಷ ಇಟ್ಟುಕೊಳ್ಳಿ.

ಗೆಳೆಯ ಎಳ್ಳಿನ ಸಾರಿನ ತಾನ್‌ತಾನ್ ಹೇಳಿದ. ಮೇಲೆ ಖೀಮಾದ ಹಾಗೆ ಕಾಣುವ ಪುಡಿ ಪುಡಿ ಕಂಡು ಅವನ ಮುಖ ಬಿಗಿಯಿತು. ಕಾಗದ ತೆಗೆದು ತೋರಿಸಿದ. ಬಡಿಸುವ ಹುಡುಗಿ ಅದನ್ನು ಓದಿ, ಅದು ಸೋಯಾ ಎಂದು ಹೇಳಿ, ಮೆನುವಿನಲ್ಲಿ ಬರೆದದ್ದನ್ನೂ ಬೆರಳಿಟ್ಟು ತೋರಿಸಿದಳು. ಅವನು ಒಂದು ಚಮಚ ಸಾರು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಸುರ್ ಎಂದು ಸದ್ದು ಮಾಡಿ ತಿನ್ನತೊಡಗಿದ. ತಳ ಕಾಣುವವರೆಗೂ ಬಟ್ಟಲು ಕೆಳಗಿಡಲಿಲ್ಲ. ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

‘ಇನ್ನೊಂದು ಹೇಳಲೇನು?’ ಅಂದ.

‘ಹೇಳು ಮಾರಾಯ’ ಅಂದೆ.