ಕ್ಯಾಶ್‌ಗೆ ಕೊಟ್ಟ ಮೆಮೊರಿ ಯಾರ ಪಾಲಿನದು?

8 ಜಿಬಿ ಮೆಮೊರಿಯ ಒಂದೇ ಸರ್ವರ್‌ನಲ್ಲಿ ಪುಟಗಳನ್ನು ಕಟ್ಟಿಕೊಡುವ ಪಿಎಚ್‌ಪಿ, ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್, ಕ್ಯಾಶ್ ಆಗಿ ಬಳಸುತ್ತಿದ್ದ ರೆಡಿಸ್ ಮೂರನ್ನೂ ನಡೆಸುತ್ತಿದ್ದ ದಿನಗಳಲ್ಲಿ, ಪುಟಗಳು ಬೇಗ ತೆರೆದುಕೊಳ್ಳಲಿ ಎಂಬ ಆಸೆಯಿಂದ ನಾನು ಕ್ಯಾಶ್ ಅನ್ನು, ಅಂದರೆ ಮತ್ತೆ ಮತ್ತೆ ಬೇಕಾಗುವ ಉತ್ತರಗಳನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಸಂಗ್ರಹವನ್ನು, ಅದರ ಪಾಡಿಗೆ ಬೆಳೆಯಲು ಬಿಟ್ಟಿದ್ದೆ. 64 ಬಿಟ್ ಯಂತ್ರಗಳಲ್ಲಿ ನಾವಾಗಿ ಹೇಳದ ಹೊರತು ರೆಡಿಸ್‌ಗೆ ಮೆಮೊರಿಯ ಮಿತಿಯೇ ಇರುವುದಿಲ್ಲ. ಅದು 4 ಜಿಬಿ ಮುಟ್ಟಿದ್ದನ್ನು ಕಂಡೂ, ಉಳಿದೆಲ್ಲ ಸರಾಗವಾಗಿದೆಯಲ್ಲ ಎಂದು ಸುಮ್ಮನಿದ್ದೆ.

ಸಾಮಾನ್ಯ ಹೊತ್ತಿನಲ್ಲಿ 10 ಪಿಎಚ್‌ಪಿ ಪ್ರೊಸೆಸ್‌ಗಳು, ತಲಾ 80 ಎಂಬಿಯಂತೆ, 800 ಎಂಬಿ ಬಳಸುತ್ತಿದ್ದವು. ಒಂದು ಸಂಜೆ ದಟ್ಟಣೆ ಏರಿ ಅವು 40 ಆದವು, ಅಂದರೆ 3.2 ಜಿಬಿ. ಡೇಟಾಬೇಸ್ ತನ್ನ ಬಳಕೆಗೆ ಮೀಸಲಿಟ್ಟುಕೊಂಡ ಬಫರ್‌ನ 1 ಜಿಬಿಯನ್ನೂ ರೆಡಿಸ್‌ನ 4 ಜಿಬಿಯನ್ನೂ ಕೂಡಿಸಿದರೆ ಯಂತ್ರದಲ್ಲಿ ಇದ್ದುದಕ್ಕಿಂತ ಹೆಚ್ಚಾಯಿತು. ಮೆಮೊರಿ ಪೂರ್ತಿ ತೀರಿದಾಗ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್, ಸಾಮಾನ್ಯವಾಗಿ ಅತಿ ಹೆಚ್ಚು ಹಿಡಿದುಕೊಂಡಿರುವ ಪ್ರೊಸೆಸ್ಸನ್ನು ಕೊಲ್ಲುತ್ತದೆ. ಲಾಗ್ ತೆರೆದಾಗ ಅಲ್ಲಿದ್ದದ್ದು ರೆಡಿಸ್‌ನ ಹೆಸರು. ಡಿಸ್ಕ್‌ಗೆ ಉಳಿಸುವುದನ್ನು ನಿಲ್ಲಿಸಿದ್ದರಿಂದ ಅದು ಬರಿಗೈಯಲ್ಲಿ ಮತ್ತೆ ಎದ್ದಿತು, ಮತ್ತು ದಟ್ಟಣೆ ತುತ್ತತುದಿಯಲ್ಲಿದ್ದ ಆ ಹೊತ್ತಿನಲ್ಲೇ ಎಲ್ಲ ಕೋರಿಕೆಗಳೂ ಒಟ್ಟಿಗೆ ಡೇಟಾಬೇಸಿನ ಮೇಲೆ ಬಿದ್ದವು.

ಹಾಗೆಂದು ಮಿತಿ ಹಾಕುವುದು ಪುಕ್ಕಟೆಯೇನಲ್ಲ. ನೂರರಲ್ಲಿ 98 ಕೋರಿಕೆಗಳಿಗೆ ಉತ್ತರಿಸುತ್ತಿದ್ದ ಕ್ಯಾಶ್ 96ಕ್ಕೆ ಇಳಿದರೆ ನಮಗೆ ಅಲ್ಪ ವ್ಯತ್ಯಾಸವೆನಿಸುತ್ತದೆ. ಡೇಟಾಬೇಸಿಗೆ ಮಾತ್ರ 2 ಇದ್ದದ್ದು 4 ಆಗಿ, ಕೆಲಸ ಇಮ್ಮಡಿಯಾಗುತ್ತದೆ. ಆದ್ದರಿಂದ ಯಾವುದನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಗಾತ್ರದಷ್ಟೇ ಮುಖ್ಯ ಎಂದು ನನಗನಿಸುತ್ತದೆ. ಮಿತಿ ಮುಟ್ಟಿದ ಮೇಲೆ ಹಳೆಯದನ್ನು ತೆಗೆಯದೆ ಹೊಸ ಬರಹವನ್ನು ನಿರಾಕರಿಸುವುದು ರೆಡಿಸ್‌ನ ಮೂಲ ಸೆಟ್ಟಿಂಗ್. ಕ್ಯಾಶ್ ಆಗಿ ಬಳಸುವವರು ಅದನ್ನು ಬದಲಿಸಿ, ಬಹಳ ಹೊತ್ತು ಯಾರೂ ಕೇಳದ್ದನ್ನು ಬಿಟ್ಟುಕೊಡುವ ಎಲ್‌ಆರ್‌ಯು ಕ್ರಮವನ್ನು ಆರಿಸಬೇಕಾಗುತ್ತದೆ.

ಇನ್ನೊಂದು ಪಾಲುದಾರನನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಯಾರೂ ಬಳಸದ ಮೆಮೊರಿಯಲ್ಲಿ ಲಿನಕ್ಸ್ ಇತ್ತೀಚೆಗೆ ಓದಿದ ಕಡತಗಳನ್ನು ಇಟ್ಟುಕೊಂಡಿರುತ್ತದೆ, ಮತ್ತು ಆ ಜಾಗ ಕುಗ್ಗಿದಾಗ ಚಿತ್ರ, ಸ್ಟೈಲ್‌ಶೀಟ್‌ಗಳಂಥ ಕಡತಗಳಿಗೂ ಡಿಸ್ಕ್‌ಗೆ ಹೋಗಿಬರಬೇಕಾಗುತ್ತದೆ.

ಈಗ ನಾನು ಲೆಕ್ಕವನ್ನು ದಟ್ಟಣೆಯ ಹೊತ್ತಿನಿಂದ ಆರಂಭಿಸುತ್ತೇನೆ: 40 ಪ್ರೊಸೆಸ್‌ಗಳಿಗೆ 3.2, ಡೇಟಾಬೇಸಿಗೆ 1, ರೆಡಿಸ್‌ಗೆ 1.5 ಜಿಬಿ, ಉಳಿದ 2.3 ಜಿಬಿ ಕರ್ನಲ್‌ಗೆ ಮತ್ತು ಕಡತಗಳಿಗೆ. ಇಡೀ ಪುಟಗಳನ್ನು ಕ್ಯಾಶ್‌ನಲ್ಲಿ ಇಡುವುದನ್ನು ಬಿಟ್ಟಿದ್ದೇನೆ. ಅಲ್ಲಿ ಈಗ ಇರುವುದು ಡೇಟಾಬೇಸಿಗೆ ನಿಜವಾಗಿ ಭಾರವಾಗುವ ಕೆಲವು ಪ್ರಶ್ನೆಗಳ ಚಿಕ್ಕ ಉತ್ತರಗಳು ಮಾತ್ರ.