ಸಂಪು ತುಂಬುವ ಹೊತ್ತು

ಬೆಳಗ್ಗೆ ಐದೂಕಾಲು. ಅಲಾರಂ ಹೊಡೆದುಕೊಂಡಿತು. ನಾನು ಎದ್ದೆ, ಚಪ್ಪಲಿ ಮೆಟ್ಟಿಕೊಂಡೆ, ಮೆಟ್ಟಿಲಿಳಿದೆ, ವಾಲ್ವ್ ತಿರುಗಿಸಿದೆ. ಸಂಪಿನೊಳಗೆ ನೀರು ಬೀಳುವ ಸದ್ದೂ ಕೇಳಿತು. ವಾಲ್ವಿನ ಕಬ್ಬಿಣ ತಾಗಿ ಕೈ ತಣ್ಣಗಾಯಿತು.

ಎಚ್ಚರವಾದಾಗ ಎಂಟೂ ಹತ್ತು. ಕೈ ತಣ್ಣಗಾಗಿದ್ದು ರಗ್ಗಿನಿಂದ ಹೊರಗೆ ಉಳಿದಿದ್ದಕ್ಕೆ.

ಮೈಸೂರಿನ ಒಂದು ಹಳೇ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಕೆಲಸವೆಲ್ಲ ಮನೆಯಿಂದಲೇ. ಒಂಬತ್ತೂವರೆ ಮೀಟಿಂಗಿಗೆ ಒಂಬತ್ತೂ ಇಪ್ಪತ್ತೈದಕ್ಕೆ ಏಳುವುದು, ಮೇಲೆ ಷರ್ಟು, ಕೆಳಗೆ ರಾತ್ರಿಯ ಪೈಜಾಮ. ಕಾಯಿಲೆ ಏನಿಲ್ಲ, ದುಃಖವೂ ಇಲ್ಲ. ಏಳುವುದಕ್ಕೆ ಒಂದು ಕಾರಣ ಬೇಕಲ್ವಾ, ಅದು ಇರಲಿಲ್ಲ ಅಷ್ಟೇ.

ಆ ಡಿಸೆಂಬರಿನಲ್ಲಿ ಮನೆ ಓನರ್ ಮಗನ ಮನೆಗೆಂದು ಅಮೆರಿಕಕ್ಕೆ ಹೊರಟರು. ಹೋಗುವಾಗ ಸಂಪಿನ ಉಸ್ತುವಾರಿ ನನ್ನ ತಲೆಗೆ ಕಟ್ಟಿದರು. ನಮ್ಮ ರಸ್ತೆಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗ್ಗೆ ಐದೂಕಾಲರಿಂದ ಒಂದೂವರೆ ಗಂಟೆ. ಸಂಪಿನ ಫ್ಲೋಟ್ ಕೆಟ್ಟು ಯಾವ ಕಾಲವಾಗಿತ್ತೋ. ವಾಲ್ವ್ ತೆರೆಯದಿದ್ದರೆ ನೀರಿಲ್ಲ, ತೆರೆದು ಮಲಗಿದರೆ ಸಂಪು ತುಂಬಿ ರಸ್ತೆಗೆ ಹರಿಯುತ್ತದೆ. ಅಂದರೆ ಒಬ್ಬ ಮನುಷ್ಯ ಅಲ್ಲಿ ಕೂತಿರಲೇಬೇಕು.

ಡಿಸೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ದಾಟಿದ ಮೇಲೆ. ಐದೂಕಾಲು ಅಂದರೆ ನಡುರಾತ್ರಿಯೇ. ನಿದ್ದೆಯಿಂದ ಎದ್ದ ಕೂಡಲೇ ತಲೆ ಪೂರ್ತಿ ಎಚ್ಚರಾಗಿರುವುದಿಲ್ಲವಂತೆ, ಮಂಪರು ಬಿಡಲು ಎಷ್ಟೋ ಸಲ ಅರ್ಧ ಗಂಟೆ ಬೇಕಂತೆ. ಆ ಹೊತ್ತಿನಲ್ಲಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು. ಕಷ್ಟ ಏನೆಂದರೆ, ಏಳಬೇಕಾ ಬೇಡವಾ ಅನ್ನೋ ತೀರ್ಮಾನ ಆಗುವುದೇ ಆಗ! ನನ್ನ ಫೋನಿನ ಸ್ನೂಜ್ ಒಂಬತ್ತು ನಿಮಿಷದ್ದು. ಆರು ಸಲ ಒತ್ತಿದರೆ ಐವತ್ನಾಲ್ಕು. ಮಗ್ಗಿ ಮಾತ್ರ ಎಂಥ ನಿದ್ದೆಯಲ್ಲೂ ತಪ್ಪುತ್ತಿರಲಿಲ್ಲ.

ಅವತ್ತು ತಪ್ಪಿಸಿಕೊಂಡಿದ್ದು ಸತತ ಎರಡನೇ ಸಲ. ಹಿಂದಿನ ರಾತ್ರಿಯೇ ಟ್ಯಾಂಕು ಬರಿದಾಗಿತ್ತು. ಓಡಿ ಕೆಳಗಿಳಿದರೆ, ಹಿತ್ತಲಿನ ಪೋರ್ಷನ್ನಿನ ಅಜ್ಜಿ ಎರಡು ಮನೆ ಆಚೆಯಿಂದ ನೀರು ತರುತ್ತಿದ್ದರು. ಪ್ಲಾಸ್ಟಿಕ್ ಕೊಡ, ಅದರಲ್ಲಿ ಅರ್ಧ ನೀರು. ನಾಲ್ಕು ಹೆಜ್ಜೆಗೊಮ್ಮೆ ಕೆಳಗಿಡುವುದು, ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು, ಮತ್ತೆ ಎತ್ತುವುದು. ನಾನು ಕೊಡ ಕಿತ್ತುಕೊಂಡೆ. ಬೈಗುಳಕ್ಕೆ ರೆಡಿಯಾಗಿಯೇ ಇದ್ದೆ.

'ಎದ್ಯಾ? ಇರು ಒಂದ್ನಿಮಿಷ' ಅಂದು ಒಳಗೆ ಹೋದರು. ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದು ಕೈಗಿಟ್ಟರು. 'ಹುಗ್ಗಿ. ಆರೋಗಿದೆ, ಬಿಸಿ ಮಾಡ್ಕೊ.'

ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ದೇವಸ್ಥಾನಗಳಲ್ಲಿ ಸೂರ್ಯ ಹುಟ್ಟುವ ಮುಂಚೆಯೇ ಪೂಜೆ. ಅಜ್ಜಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಸ್ನಾನಕ್ಕೆ ನೀರಿತ್ತಾ ಅಂತ ಕೇಳಿದೆ. ಕೇಳಬಾರದಿತ್ತು. 'ಕುಡಿಯೋಕೆ ತುಂಬಿಟ್ಟಿದ್ದು ಒಂದು ಬಿಂದಿಗೆ ಇತ್ತಲ್ಲ. ನಾಲ್ಕು ತಂಬಿಗೆ ಹುಯ್ಕೊಂಡು ಹೋದೆ. ವೆಂಕಟರಮಣ ಏನು ಅಳತೆ ಮಾಡ್ತಾನಾ?'

ಬಿಸಿ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ಹಾಗೇ ತಿಂದೆ. ಹೆಸರುಬೇಳೆ, ಅಕ್ಕಿ ಒಂದರೊಳಗೊಂದು ಕರಗಿ ಹೋಗಿತ್ತು. ಅಂಚಿನಲ್ಲಿ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿತ್ತು. ಇಡೀ ಮೆಣಸಿನ ಕಾಳೊಂದು ಹಲ್ಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಮೆಣಸಿಗೇ ಬಂದಿದ್ದು, ಹಾಗಂತಲೇ ಇಟ್ಟುಕೊಳ್ಳೋಣ. ಬೈದಿದ್ದರೆ ತಿರುಗಿಸಿ ಏನಾದರೂ ಹೇಳಿ ಮರೆತುಬಿಡುತ್ತಿದ್ದೆ. ಹುಗ್ಗಿಗೆ ಏನು ಉತ್ತರ ಕೊಡೋದು?

ಮುಂದಿನ ನೀರಿನ ದಿನ ಫೋನನ್ನು ಬಚ್ಚಲಿನಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲಿಟ್ಟು ಮಲಗಿದೆ. ಅದು ಕೂಗುವ ಮುಂಚೆಯೇ ಎಚ್ಚರವಾಯಿತು. ಹಿತ್ತಲಲ್ಲಿ ತಂಬಿಗೆ ಬಕೆಟ್ಟಿಗೆ ತಾಗಿದ ಸದ್ದು. ಆಮೇಲೆ ಚಿಲಕ. ಬಾಗಿಲಿಗೆ ನೀರು ಚಿಮುಕಿಸಿದ್ದು, ಪೊರಕೆಯ ಸರಸರ. ಎರಡು ವರ್ಷದಿಂದ ಅದೇ ಮನೆಯಲ್ಲಿದ್ದೇನೆ, ಒಂದು ದಿನವೂ ಇದನ್ನು ಕೇಳಿರಲಿಲ್ಲ.

ಕೆಳಗಿಳಿದು ವಾಲ್ವ್ ತೆರೆದೆ. ಮೊದಲು ಪೈಪು ಕೆಮ್ಮುತ್ತದೆ. ಬರೀ ಗಾಳಿ. ಆಮೇಲೆ ಒಂದು ಗುಟುಕು ಕೆಂಪು ನೀರು, ಮತ್ತೆ ಗಾಳಿ. ಇವತ್ತು ಬರಲ್ಲ ಅಂದುಕೊಳ್ಳುವಷ್ಟರಲ್ಲಿ ದಪ್ಪ ಧಾರೆ. ಸಂಪಿನ ಮುಚ್ಚಳದ ಪಕ್ಕ ಶಾಲು ಹೊದ್ದು ಕೂತೆ. ಆಗಾಗ ಬಿದಿರ ಕೋಲು ಇಳಿಬಿಟ್ಟು ಎಷ್ಟು ಒದ್ದೆಯಾಗಿದೆ ನೋಡುವುದು. ಅದು ಬಿಟ್ಟರೆ ಕೆಲಸವೇ ಇಲ್ಲ. ಫೋನು ಬಚ್ಚಲಿನಲ್ಲೇ ಇತ್ತು. ಅಜ್ಜಿ ದೇವಸ್ಥಾನಕ್ಕೆ ಹೊರಟವರು ನನ್ನನ್ನು ನೋಡಿ, ಏನೂ ಹೇಳದೆ, ಒಳಗೆ ಹೋಗಿ ಒಂದು ಲೋಟ ಕಾಫಿ ತಂದಿಟ್ಟು ಹೋದರು. ಚಿಕೋರಿ ಸ್ವಲ್ಪ ಜಾಸ್ತಿ.

ಸಂಕ್ರಾಂತಿ ಮುಗಿಯಿತು. ಹುಗ್ಗಿಯೂ ನಿಂತಿತು. ಕಾಫಿ ನಿಲ್ಲಲಿಲ್ಲ, ನಾನೂ ತಪ್ಪಿಸಲಿಲ್ಲ. ನೀರು ಬಾರದ ದಿನ ಮಾತ್ರ ಒಂಬತ್ತೂ ಇಪ್ಪತ್ತೈದೇ. ಸುಮ್ನೆ ಸುಳ್ಳು ಯಾಕೆ ಹೇಳಲಿ.

ಏಪ್ರಿಲ್ ಕೊನೆಗೆ ಓನರ್ ಬಂದರು. ನನ್ನ ಕಷ್ಟ ಕೇಳಿ ಪಾಪ ಅನ್ನಿಸಿತೇನೋ, ಮಾರನೇ ದಿನವೇ ಪ್ಲಂಬರನ್ನು ಕರೆಸಿ ಹೊಸ ಫ್ಲೋಟ್ ಹಾಕಿಸಿದರು. ಹತ್ತು ನಿಮಿಷದ ಕೆಲಸ. ಇನ್ನು ನೀರು ತಾನೇ ಬರುತ್ತದೆ, ತಾನೇ ನಿಲ್ಲುತ್ತದೆ.

ಮುಂದಿನ ನೀರಿನ ದಿನ ಎದ್ದಾಗ ಒಂಬತ್ತೂ ಇಪ್ಪತ್ತು. ಕೆಳಗೆ ಸಂಪಿನ ಪಕ್ಕ ಲೋಟವೊಂದು ಮುಚ್ಚಿಟ್ಟಿತ್ತು. ಕಾಫಿ ಕೆನೆ ಕಟ್ಟಿತ್ತು. 'ಹುಷಾರಿಲ್ವೇನೋ?' ಅಂತ ಅಜ್ಜಿ ಹಿತ್ತಲಿನಿಂದಲೇ ಕೂಗಿದರು.

ಸಂಜೆ ಪ್ಲಂಬರಿಗೆ ಫೋನ್ ಮಾಡಿ, ಆ ಫ್ಲೋಟು ಎಷ್ಟು ದಿನ ಬಾಳಿಕೆ ಬರುತ್ತದೆ ಅಂತ ಕೇಳಿದೆ.

'ಐದು ವರ್ಷಕ್ಕೆ ಮೋಸ ಇಲ್ಲ ಸಾರ್' ಅಂದ, ಖುಷಿಯಿಂದ.